ಮರಳುಕೊಪ್ಪಲಿನ ಜಪಾನ್ ದಾರಿ

ಹುಣಸೂರು ತಾಲ್ಲೂಕಿನ ಮರಳುಕೊಪ್ಪಲು ಪಂಚಾಯ್ತಿಗೆ ಇಬ್ಬರು ಅಧ್ಯಕ್ಷರಿದ್ದರು. ಒಬ್ಬರು ಸರ್ಕಾರದ ಲೆಕ್ಕಕ್ಕೆ, ಇನ್ನೊಬ್ಬರು ಊರಿನ ಲೆಕ್ಕಕ್ಕೆ. ಸರ್ಕಾರದ ಲೆಕ್ಕದ ಅಧ್ಯಕ್ಷೆ ಸುನಂದಮ್ಮ ಕೊಟ್ಟಿಗೆ ಗುಡಿಸಿ, ಡೈರಿಗೆ ಹಾಲು ಹಾಕಿ ಬಂದು ಒಲೆ ಮುಂದೆ ಕೂರುವ ಹೊತ್ತಿಗೆ, ಊರಿನ ಲೆಕ್ಕದ ಅಧ್ಯಕ್ಷನಾದ ಆಕೆಯ ಗಂಡ ಶಶಿಕುಮಾರ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಪಂಚಾಯ್ತಿ ಆಫೀಸಿಗೆ ಹೊರಡುತ್ತಿದ್ದ. ಸಹಿ ಬೇಕಾದಾಗ ಮಾತ್ರ ಆಫೀಸಿನ ಜವಾನ ಮನೆಗೆ ಬರುತ್ತಿದ್ದ. ಆಕೆ ಸೆರಗಿಗೆ ಕೈ ಒರೆಸಿಕೊಂಡು, ತೋರಿಸಿದ ಜಾಗದಲ್ಲಿ ಸಹಿ ಹಾಕಿ, ಅವನಿಗೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು.

ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲು ಅಂತ ಗೊತ್ತಾದ ದಿನ ಶಶಿಕುಮಾರ ಓಡುತ್ತಾ ಮನೆಗೆ ಬಂದು, “ಸುನಂದ, ನಾನು ಅಧ್ಯಕ್ಷ ಆದೆ ಕಣೆ!” ಅಂದಿದ್ದ.

“ಒಳ್ಳೇದಾಯ್ತು ಬುಡ್ರಿ” ಎಂದು ಆಕೆ ಮುದ್ದೆ ತಿರುವುವುದನ್ನು ಮುಂದುವರಿಸಿದ್ದಳು.

ಶಶಿಕುಮಾರ ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಮಾಡಿದವನಲ್ಲ, ಹೆಂಡ ಕುಡಿದವನಲ್ಲ. ಅವನಿಗಿದ್ದದ್ದು ಹೆಂಡತಿಯ ಹೆಸರಿನ ಮೇಲೆ ವಿಪರೀತ ಪ್ರೀತಿ. ಮಹಿಳೆಯರಿಗೆ ಬಡ್ಡಿಯಲ್ಲಿ ರಿಯಾಯಿತಿ ಎಂದಾಗ ಟ್ರ್ಯಾಕ್ಟರ್ ಆಕೆಯ ಹೆಸರಿಗೆ ಬಂತು. ಅಣ್ಣತಮ್ಮಂದಿರು ಪಾಲು ಕೇಳಬಾರದು ಎಂದು ಹೊಳೆದಂಡೆಯ ಜಮೀನನ್ನೂ ಆಕೆಯ ಹೆಸರಿಗೇ ಕ್ರಯ ಮಾಡಿಸಿದ. ಹಾಗೆ ನೋಡಿದರೆ ಊರಲ್ಲಿ ಸುನಂದಮ್ಮನಷ್ಟು ಆಸ್ತಿವಂತೆ ಇನ್ನೊಬ್ಬಳಿರಲಿಲ್ಲ. ಅಷ್ಟೆಲ್ಲ ಇದ್ದೂ ಬಳೆ ಹಾಕಿಸಿಕೊಳ್ಳಬೇಕಾದರೆ ಆಕೆ ಡೈರಿಯ ಬಟವಾಡೆಗೆ ಕಾಯುತ್ತಿದ್ದಳು.

ಆಕೆಯ ತವರು ಕೋಟೆ ತಾಲ್ಲೂಕಿನ ಎನ್. ಬೇಗೂರು. ಅಲ್ಲಿಯವರಿಗೆ ಕೇರಳ ಎಂದರೆ ಪಕ್ಕದ ಬೀದಿ ಇದ್ದಂತೆ. ಮದುವೆಗೆ ಮುಂಚೆ ಸುನಂದಮ್ಮ ಶುಂಠಿ ಹೊಲಗಳಲ್ಲಿ ಕಳೆ ಕಿತ್ತವಳು. ಅರ್ಧಂಬರ್ಧ ಮಲಯಾಳ, ಪೂರ್ತಿ ನಗು, ಎರಡೂ ಅಲ್ಲಿಂದ ಬಂದದ್ದು. ಮರಳುಕೊಪ್ಪಲಿಗೆ ಬಂದ ಮೇಲೆ ಎರಡಕ್ಕೂ ಹೆಚ್ಚು ಕೆಲಸ ಬೀಳಲಿಲ್ಲ.

ಹೀಗಿರುವಾಗ ಮೈಸೂರಿನ ಒಂದು ಸಂಸ್ಥೆಯಿಂದ ಗೌತಮಿ ಎಂಬ ಹೆಣ್ಣುಮಗಳು ಫೋನು ಮಾಡಿದಳು. ನದಿ ದಂಡೆಯ ಪಂಚಾಯ್ತಿಗಳ ಅಧ್ಯಕ್ಷೆಯರನ್ನು ಜಪಾನಿಗೆ ಕರೆದುಕೊಂಡು ಹೋಗುತ್ತೇವೆ, ಅಲ್ಲಿಯವರು ನದಿಯನ್ನು, ನದಿ ಪಕ್ಕದ ಗುಡಿಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ತೋರಿಸುತ್ತೇವೆ ಎಂದಳು. ಅಧ್ಯಕ್ಷೆಯ ಫೋನು ಯಾವಾಗಲೂ ಅಧ್ಯಕ್ಷೆಯ ಗಂಡನ ಜೇಬಿನಲ್ಲಿರುತ್ತಿದ್ದದ್ದರಿಂದ ಈ ಸುದ್ದಿ ಮೊದಲು ಸೇರಬೇಕಾದಲ್ಲಿಗೇ ಸೇರಿತು.

“ಬತ್ತೀನಿ ಮೇಡಂ. ಯಾವತ್ತು ಹೊಂಡ್ಬೇಕು?”

“ಸರ್, ಆಹ್ವಾನ ಸುನಂದಮ್ಮ ಅವರಿಗೆ.”

“ಅದೇ ಮೇಡಂ, ಸುನಂದಮ್ಮನ ಪರವಾಗಿ ನಾನು. ಎಲ್ಲಾ ಕಡೀಕೂ ನಾನೇ ಓಗೋದು. ತಾಲ್ಲೂಕು ಮೀಟಿಂಗು, ಜಿಲ್ಲಾ ಮೀಟಿಂಗು... ಓದ್ ವರ್ಸ ಮಹಿಳಾ ದಿನಾಚರಣೇಲಿ ಸನ್ಮಾನನೂ ನಾನೇ ಮಾಡಿಸ್ಕಂಡಿವ್ನಿ.”

ಗೌತಮಿ ಬಹಳ ವಿನಯದಿಂದ ಹೇಳಿದಳು: “ಏನ್ಮಾಡೋದು ಸರ್, ವಿಮಾನದವರು ಪಾಸ್‌ಪೋರ್ಟ್‌ನಲ್ಲಿ ಇರೋ ಮುಖಾನೇ ಕೇಳ್ತಾರೆ.”

ಶಶಿಕುಮಾರ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಹೆಂಡತಿಗೆ ಹುಷಾರಿಲ್ಲ ಎಂದುಬಿಡೋಣ ಎಂದುಕೊಂಡ. ಆದರೆ ಅಷ್ಟರಲ್ಲಿ ಟೀ ಅಂಗಡಿಯಲ್ಲಿ, “ನಮ್ಮನೆಗೆ ಜಪಾನ್‌ನಿಂದ ಕರೆ ಬಂದದೆ” ಎಂದು ಅವನೇ ಹೇಳಿಯಾಗಿತ್ತು, ಹಿಂದೆ ಸರಿಯುವಂತಿರಲಿಲ್ಲ. ಕೊನೆಗೆ ಹೆಂಡತಿಗೆ ಹೊಸ ಸ್ವೆಟರು ಕೊಡಿಸಿದ, ಜೊತೆಗೊಂದು ಬುದ್ಧಿಮಾತು ಹೇಳಿದ: “ಅಲ್ಲಿ ಯಾರಾದ್ರೂ ಏನಾರಾ ಕೇಳುದ್ರೆ, ‘ನಮ್ಮನೆಯವ್ರನ್ನ ಕೇಳಿ ಏಳ್ತೀನಿ’ ಅಂದ್ಬುಡು. ಸುಮ್ಕೆ ಮಾತಾಡಿ ದೇಶದ ಮರ್ವಾದೆ ಕಳೀಬ್ಯಾಡ.”

ಸುನಂದಮ್ಮ ಹುರಿಹಿಟ್ಟು, ಚಟ್ನಿಪುಡಿ, ಒಂದು ಬಾಟಲಿ ನಿಂಬೆ ಉಪ್ಪಿನಕಾಯಿ ಕಟ್ಟಿಕೊಂಡು ಜಪಾನಿಗೆ ಹೋದಳು.

ಅಲ್ಲಿ ಅವರನ್ನು ಉಳಿಸಿದ್ದು ಬೆಟ್ಟಗಳ ನಡುವಿನ ಒಂದು ಪುಟ್ಟ ಪೇಟೆಯಲ್ಲಿ. ಪೇಟೆಯ ಪಕ್ಕ ನಮ್ಮ ಲಕ್ಷ್ಮಣತೀರ್ಥಕ್ಕಿಂತ ಕಿರಿದಾದ ಒಂದು ಹೊಳೆ. ಹೊಳೆಯ ಅಂಚಿಗೆ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲದ ಮಣ್ಣಿನ ದಾರಿ. ದಾರಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಗುಡಿ. ಕೆಲವು ನಮ್ಮ ಕೋಳಿಗೂಡಿನಷ್ಟೇ ಎತ್ತರ. ಒಂದು ಕಡೆ ಸಾಲಾಗಿ ಕಲ್ಲಿನ ಪುಟ್ಟ ಮೂರ್ತಿಗಳು; ಅವುಗಳ ಕೊರಳಿಗೆ ಯಾರೋ ಮಗುವಿಗೆ ಜೊಲ್ಲುಬಟ್ಟೆ ಕಟ್ಟುವ ಹಾಗೆ ಕೆಂಪು ಬಟ್ಟೆ ಕಟ್ಟಿದ್ದರು. ಒಬ್ಬ ಮುದುಕ ಬಕೆಟ್ಟು ಹಿಡಿದು ಅವನ್ನು ತೊಳೆಯುತ್ತಿದ್ದ. ಸುನಂದಮ್ಮ ದುಭಾಷಿಯ ಮೂಲಕ, “ಈ ದೇವ್ರು ಯಾವ ಜನದ್ದು ಅಂತ ಕೇಳವ್ವ” ಎಂದಳು.

ದುಭಾಷಿಗೆ ಆ ಪ್ರಶ್ನೆಯನ್ನು ಜಪಾನಿ ಭಾಷೆಗೆ ತಿರುಗಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮುದುಕನಿಗೆ ಅದನ್ನು ಅರ್ಥ ಮಾಡಿಕೊಳ್ಳಲು ಇನ್ನಷ್ಟು ಹೊತ್ತು. ಕೊನೆಗೆ ಅವನು ದಾರಿಯ ಎರಡೂ ಕಡೆ ಕೈ ತೋರಿಸಿ ಏನೋ ಹೇಳಿದ. “ಈ ದಾರಿಯಲ್ಲಿ ಓಡಾಡೋವ್ರದ್ದಂತೆ” ಎಂದಳು ದುಭಾಷಿ.

“ಏನು ಪವಾಡ ಮಾಡವ್ನೆ?”

“ಗೊತ್ತಿಲ್ಲವಂತೆ. ಅವರಮ್ಮ ತೊಳೀತಿದ್ರಂತೆ, ಅದಕ್ಕೆ ಇವರೂ ತೊಳೀತಾರಂತೆ.”

ಪವಾಡವಿಲ್ಲದ, ಜಾತಿಯಿಲ್ಲದ ಈ ದೇವರ ಬಗ್ಗೆ ಸುನಂದಮ್ಮನಿಗೆ ಸ್ವಲ್ಪ ಕನಿಕರವೇ ಆಯಿತು. ಆದರೆ ಮಾರನೇ ದಿನ ಬೆಳಗ್ಗೆ ಉಳಿದ ಅಧ್ಯಕ್ಷೆಯರು ಬಿಸಿನೀರಿನ ಸ್ನಾನದ ಗಲಾಟೆಯಲ್ಲಿದ್ದಾಗ ಆಕೆ ಒಬ್ಬಳೇ ಆ ದಾರಿಗೆ ಹೋದಳು.

ನಮ್ಮ ಕಡೆ ಹೆಂಗಸು ಸುಮ್ಮನೆ ನಡೆಯುವಂತಿಲ್ಲ. ಎತ್ತ ಹೊರಟರೂ ಜಗುಲಿಗೊಬ್ಬರು, “ಎತ್ಲಾಗ್ ಹೊಂಟೆ ಸುನಂದವ್ವ?” ಅನ್ನುತ್ತಾರೆ. ಉತ್ತರಕ್ಕೆ ಒಂದು ಮಂಕರಿಯೋ ಕೊಡವೋ ಕುಡುಗೋಲೋ ಕೈಯಲ್ಲಿರಬೇಕು. ಮನಸ್ಸು ಕೆಟ್ಟಾಗ ಹೊಳೆ ಕಡೆ ಹೋಗಿಬರಬೇಕೆನಿಸಿದರೆ ಆಕೆ ಖಾಲಿ ಮಂಕರಿಯನ್ನು ಸೊಂಟಕ್ಕಿಟ್ಟುಕೊಂಡು ಹೋಗಿ, ಖಾಲಿ ಮಂಕರಿಯನ್ನೇ ತಂದದ್ದುಂಟು. ಇಲ್ಲಿ ಎರಡೂ ಕೈ ಖಾಲಿ. ಒಬ್ಬಳು ನಾಯಿ ಹಿಡಿದುಕೊಂಡು ಎದುರು ಬಂದಳು, ತಲೆ ಬಾಗಿಸಿದಳು, ಹೋದಳು. ಎಲ್ಲಿಗೆ, ಏನು, ಯಾಕೆ ಒಂದೂ ಇಲ್ಲ. ಸುನಂದಮ್ಮ ಕೈ ಬೀಸಿಕೊಂಡು ನಡೆದಳು. ಮೊದಮೊದಲು ಕೈಗಳಿಗೇ ನಾಚಿಕೆಯಾದಂತಿತ್ತು. ಆಮೇಲೆ ಅವು ತಾವಾಗಿಯೇ ಬೀಸತೊಡಗಿದವು. ಸ್ವೆಟರಿನ ಒಳಗೆ ಬೆವರು ಬಂತು. ಬೇಗೂರಿನ ಹುಡುಗಿ ಎಲ್ಲೋ ಒಳಗಿಂದ ಎದ್ದು ಬಂದ ಹಾಗಾಗಿ ಆಕೆಗೆ ಕಾರಣವಿಲ್ಲದೆ ನಗು ಬಂತು, ನಕ್ಕಳು. ಕೇಳುವವರು ಯಾರೂ ಇರಲಿಲ್ಲ.

ಊರಿಗೆ ಬಂದಾಗ ಪಂಚಾಯ್ತಿ ಮುಂದೆ ಶಾಮಿಯಾನ ಹಾಕಿ ಸ್ವಾಗತ ಏರ್ಪಾಟಾಗಿತ್ತು. ಸುನಂದಮ್ಮನಿಗೆ ಶಾಲು ಹೊದಿಸಿದರು. ಜಪಾನ್ ಅನುಭವ ಹಂಚಿಕೊಳ್ಳಲು ಮೈಕು ಹಿಡಿದದ್ದು ಶಶಿಕುಮಾರ.

“ಬಂಧುಗಳೇ, ಜಪಾನ್ ಅಂದ್ರೆ ಏನು? ಜಪಾನ್ ಅಂದ್ರೆ ಶಿಸ್ತು! ಅಲ್ಲಿ ಹೊಳೆ ಕೂಡ ಸೀದಾ ಹರೀತದೆ. ನಮ್ಮ ಹೊಳೆ ತರ ಅತ್ಲಾಗ್ ಇತ್ಲಾಗ್ ಓಗಕ್ಕಿಲ್ಲ. ಅಲ್ಲಿ ನಾಯಿ ಬೊಗಳೋಕೆ ಮುಂಚೆ ಬಗ್ಗಿ ನಮಸ್ಕಾರ ಮಾಡ್ತದೆ!”

ಜನ ಚಪ್ಪಾಳೆ ತಟ್ಟಿದರು. ಸುನಂದಮ್ಮನಿಗೆ ತಾನು ನೋಡಿದ ಜಪಾನಿನ ಮೇಲೇ ಅನುಮಾನ ಹುಟ್ಟಿತು. ಸಭೆ ಮುಗಿಯುವ ಹೊತ್ತಿಗೆ, “ನಾನೊಂದ್ ಮಾತು ಏಳ್ಲಾ?” ಎಂದಳು. ಗಂಡ ದೊಡ್ಡ ಮನಸ್ಸು ಮಾಡಿ ಮೈಕು ಕೊಟ್ಟ.

“ಅಲ್ಲಿ ಹೊಳೆ ಪಕ್ಕ ಒಂದು ಕಾಲುದಾರಿ ಐತೆ. ನಮಗೂ ಬಟ್ಟೆ ಒಗೆಯೋ ಮಡಿಕಟ್ಟೆಯಿಂದ ಹೊಳೆಮಾರಮ್ಮನ ಗುಡಿಗಂಟ ಅಂಗೇ ಒಂದು ದಾರಿ ಬೇಕು. ಮೊದ್ಲು ಇತ್ತಂತೆ. ಈಗ ಬೇಲಿ ಆಗದೆ. ಅಷ್ಟೇ.”

ಆಕೆ ಹೇಳಿದ್ದರಲ್ಲಿ ‘ಬೇಲಿ’ ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ. ‘ಜಪಾನ್ ತರ ದಾರಿ’ ಎಂಬುದು ಎಲ್ಲರ ಕಿವಿಗೂ ಬಿತ್ತು. ಶಶಿಕುಮಾರನಿಗಂತೂ ಅದು ನೆತ್ತಿಗೇರಿತು. ವಾರ ಕಳೆಯುವುದರೊಳಗೆ ಯೋಜನೆಗೆ ‘ಜಪಾನ್ ಮಾದರಿ ನದಿ ದಂಡೆ ಪಾರಂಪರಿಕ ನಡಿಗೆ ಪಥ’ ಎಂಬ ಹೆಸರು ಬಂದಿತ್ತು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಆ ದಾರಿಯನ್ನೇ ನಡೆದು ಮುಗಿಸಬಹುದಿತ್ತು.

ಪಾರಂಪರಿಕ ಎಂದ ಮೇಲೆ ಪರಂಪರೆ ಬೇಕಲ್ಲ. ಹೊಳೆದಂಡೆಯಲ್ಲಿ ಇದ್ದದ್ದು ಮೂರೇ ದೇವರು. ಮೇಲಿನ ಬೀದಿಯವರ ಕಟ್ಟೆ ಬಸವಣ್ಣ. ನಡುಬೀದಿಯವರು ಬಿಲ್ಲಪ್ಪ ಎಂದು ಕೈಮುಗಿಯುವ ಒಂದು ವೀರಗಲ್ಲು. ಕೆಳಗಿನ ಬೀದಿಯವರ ಹೊಳೆಮಾರಮ್ಮ. ಈ ಮೂವರ ಇತಿಹಾಸ ಬರೆದುಕೊಡಲು ನಿವೃತ್ತ ಮೇಷ್ಟ್ರು ಚಿಕ್ಕಬಸಪ್ಪನವರನ್ನು ಕೇಳಿಕೊಂಡರು. ಮೇಷ್ಟ್ರಿಗೆ ಇತಿಹಾಸ ಗೊತ್ತಿರಲಿಲ್ಲ, ಕೈಬರಹ ಚೆನ್ನಾಗಿತ್ತು. ಹೊಳೆಯ ಹೆಸರು ಲಕ್ಷ್ಮಣತೀರ್ಥವಾದ್ದರಿಂದ ಅವರು ಲಕ್ಷ್ಮಣನನ್ನೇ ಹಿಡಿದುಕೊಂಡರು. ಲಕ್ಷ್ಮಣ ಬಸವಣ್ಣನ ಬಳಿ ಸ್ನಾನ ಮಾಡಿ ಊಟ ಮಾಡಿದ, ಬಿಲ್ಲಪ್ಪನ ಬಳಿ ಬಿಲ್ಲು ಒರಗಿಸಿ ಮಲಗಿದ, ಮಾರಮ್ಮನ ಬಳಿ ನೀರು ಕುಡಿದು ಮುಂದೆ ಹೋದ ಎಂದು ಬರೆದರು.

ಮಾರನೇ ದಿನವೇ ಕೆಳಗಿನ ಬೀದಿಯ ಸಿದ್ದಯ್ಯ ಅವರ ಮನೆ ಬಾಗಿಲಿಗೆ ಬಂದ.

“ಮೇಷ್ಟ್ರೇ, ಲಕ್ಷ್ಮಣ ಮೇಲಿನ ಬೀದೀಲಿ ಊಟ ಮಾಡ್ಬೌದು, ನಮ್ ಕಡೆ ಬರೀ ನೀರಾ?”

“ಅವನಿಗೆ ಹೊಟ್ಟೆ ತುಂಬಿತ್ತಪ್ಪ.”

“ನಮ್ ಮಾರವ್ವ ಬಾಡೂಟ ಇಕ್ದೆ ಯಾರ್ನೂ ಕಳ್ಸಿಲ್ಲ ಮೇಷ್ಟ್ರೇ. ಊಟ ಆಕಿ. ಇಲ್ದಿದ್ರೆ ಬೋರ್ಡು ನೆಡಕ್ಕೆ ಬುಡಾಕಿಲ್ಲ.”

ಮೇಷ್ಟ್ರು ಹೆದರಿ ಲಕ್ಷ್ಮಣನಿಗೆ ಕೆಳಗಿನ ಬೀದಿಯಲ್ಲೂ ಊಟ ಹಾಕಿಸಿದರು. ಅದು ತಿಳಿದ ಮೇಲಿನ ಬೀದಿಯವರು, “ಅಲ್ಲಿ ಉಂಡವನು ನಮ್ಮಲ್ಲಿಗೆ ಬಂದದ್ದು ಉಣ್ಣೋಕೆ ಮುಂಚೆಯೋ ಆಮೇಲೋ ಅನ್ನೋದು ಸ್ಪಷ್ಟವಾಗಬೇಕು” ಎಂದು ಪಟ್ಟು ಹಿಡಿದರು. ನಡುಬೀದಿಯವರಿಗೆ ಲಕ್ಷ್ಮಣ ತಮ್ಮಲ್ಲಿ ಬರೀ ನಿದ್ದೆ ಮಾಡಿದನೆಂಬ ಕೊರಗು. ನಾವೇನು ಉಪವಾಸ ಮಲಗಿಸಿದೆವಾ ಎಂದರು. ಅವನು ಎಲ್ಲಿ ಎಷ್ಟು ದಿನ ಇದ್ದ ಎಂಬ ಪೈಪೋಟಿಯೂ ಹತ್ತಿತು. ಒಂದು ಬೀದಿಯವರು ತಿಂಗಳು ಎಂದರೆ ಇನ್ನೊಂದು ಬೀದಿಯವರು ಮಳೆಗಾಲ ಪೂರ್ತಿ ಎಂದರು. ಬೀದಿಬೀದಿಯ ಬೇಡಿಕೆ ಕೂಡಿಸಿದರೆ ವನವಾಸದ ಹದಿನಾಲ್ಕು ವರ್ಷ ಮರಳುಕೊಪ್ಪಲಿಗೇ ಸಾಲುತ್ತಿರಲಿಲ್ಲ. ಮೇಷ್ಟ್ರಿಗೆ ರಕ್ತದೊತ್ತಡ ಏರಿ ಮೈಸೂರಿಗೆ ತೋರಿಸಿಕೊಂಡು ಬಂದರು. ಕೊನೆಗೆ ಮೂರು ಬೋರ್ಡಿನ ಮೇಲೂ ಒಂದೇ ಸಾಲು ಬಿತ್ತು: ‘ಲಕ್ಷ್ಮಣನು ಇಲ್ಲಿ ಬಹುಕಾಲ ನೆಲೆಸಿದ್ದನು. ಊಟೋಪಚಾರದ ವಿವರಗಳು ಲಭ್ಯವಿಲ್ಲ.’

ಮಾರಮ್ಮನ ಗುಡಿಗೆ ನೀರು ಹಾಕಿ ದೀಪ ಹಚ್ಚುತ್ತಿದ್ದವಳು ಪುಟ್ಟಸಿದ್ದಮ್ಮ ಎಂಬ ಮುದುಕಿ. ಯಾರೋ ಅವಳಿಗೆ ಬೋರ್ಡು ಓದಿ ಹೇಳಿದರು. “ಅಂಗಾ? ಇದ್ರೂ ಇರ್ಬೌದು ಬುಡಪ್ಪ. ನಮ್ಮತ್ತೆ ಏಳಿರ್ನಿಲ್ಲ” ಎಂದು ಅವಳು ಬೋರ್ಡಿನ ಕಂಬಕ್ಕೆ ಮೇಕೆ ಕಟ್ಟಿದಳು.

ಇನ್ನು ಕಮಾನು. ಜಪಾನ್ ಮಾದರಿ ಎಂದ ಮೇಲೆ ಜಪಾನ್ ಕಮಾನೇ ಆಗಬೇಕು. ಹುಣಸೂರಿನಲ್ಲಿ ಬೋರ್ಡು ಬರೆಯುವ ನಿಂಗಯ್ಯನನ್ನು ಕರೆಸಿ ಶಶಿಕುಮಾರ, “ಜಪಾನ್ ಡಿಸೈನು ಗೊತ್ತೇನ್ಲಾ?” ಎಂದ. “ಗೊತ್ತಿಲ್ದೆ ಏನಣ್ಣ” ಎಂದ ನಿಂಗಯ್ಯ ಸ್ಕೂಟರ್ ಹತ್ತಿ ಸೀದಾ ಗುರುಪುರದ ಟಿಬೆಟನ್ ಕ್ಯಾಂಪಿಗೆ ಹೋಗಿ, ಅಲ್ಲಿನ ಮಠದ ಬಾಗಿಲನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬಂದ. ಹಳದಿ, ಕೆಂಪು, ನೀಲಿ ಬಣ್ಣಗಳ ಕಮಾನು ಎದ್ದಿತು. ಮೇಲೊಂದು ಚಕ್ರ, ಚಕ್ರದ ಅಕ್ಕಪಕ್ಕ ಎರಡು ಜಿಂಕೆ. ನಿಂಗಯ್ಯನಿಗೆ ಜಿಂಕೆ ಬರೆದು ಅಭ್ಯಾಸವಿಲ್ಲದ್ದರಿಂದ ಅವು ಬನ್ನೂರು ಕುರಿಗಳಾಗಿ ಬಂದಿದ್ದವು. ಕಮಾನಿನ ಬಲಕ್ಕೆ ಶಶಿಕುಮಾರ ಕೈಮುಗಿದು ನಿಂತ ಆಳೆತ್ತರದ ಚಿತ್ರ. ಎಡಕ್ಕೆ ಮೂಲೆಯಲ್ಲಿ ಸುನಂದಮ್ಮನ ಪಾಸ್‌ಪೋರ್ಟ್ ಫೋಟೋ. ಅದನ್ನು ದೊಡ್ಡದು ಮಾಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

“ಎಂಗೈತೆ? ನೋಡ್ದೇಟ್ಗೆ ಜಪಾನ್ ನೆಪ್ಪಾಯ್ತದಾ?” ಎಂದು ಶಶಿಕುಮಾರ ಹೆಂಡತಿಯನ್ನು ಕೇಳಿದ.

“ಗುರುಪುರ ನೆಪ್ಪಾಯ್ತದೆ” ಎಂದಳು ಆಕೆ.

“ಎರಡೂ ಒಂದೇ ಕಣೆ. ಎರಡ್ ಕಡೇನೂ ಸಣ್ ಕಣ್ಣವ್ರೇ ಅಲ್ವಾ?”

ಮುಂದಿನ ಸೋಮವಾರ ಸ್ವೆಟರ್ ವ್ಯಾಪಾರಕ್ಕೆಂದು ಊರಿನ ರಸ್ತೆಯಲ್ಲಿ ಹಾದುಹೋಗುತ್ತಿದ್ದ ಟಿಬೆಟನ್ ವೃದ್ಧರೊಬ್ಬರು ಕಮಾನು ಕಂಡು ಬಸ್ಸಿಳಿದು, ಭಕ್ತಿಯಿಂದ ಕೈಮುಗಿದು, “ಇಲ್ಲಿ ನಮ್ಮ ಗುರುಗಳು ಯಾರು ಬಂದಿದ್ದಾರೆ?” ಎಂದು ಅಚ್ಚ ಕನ್ನಡದಲ್ಲಿ ಕೇಳಿದಾಗ ಶಶಿಕುಮಾರ, “ಬತ್ತವ್ರೆ, ಬತ್ತವ್ರೆ” ಎಂದುಬಿಟ್ಟ.

ಕಮಾನಿನಿಂದ ಮುಂದಕ್ಕೆ ಕಾಂಕ್ರೀಟ್ ಹಾಕಿದರು. ಮಡಿಕಟ್ಟೆಯ ಮೆಟ್ಟಿಲು ದಾಟಿ, ಅರಳಿಮರ ದಾಟಿ, ಒಂದು ಕಲ್ಲುಕಂಬದ ಮುಳ್ಳುತಂತಿ ಬೇಲಿಯವರೆಗೆ ಬಂದು ಕಾಂಕ್ರೀಟು ನಿಂತಿತು. ಆ ಬೇಲಿ ಶಶಿಕುಮಾರನದೇ. ಜಮೀನು ಕೊಂಡಾಗ ಅದಕ್ಕೂ ಹೊಳೆಗೂ ನಡುವೆ ಗಾಡಿ ಓಡಾಡುವಷ್ಟು ಜಾಗವಿತ್ತು. ವರ್ಷಕ್ಕೊಮ್ಮೆ ಬೇಲಿ ರಿಪೇರಿ ಮಾಡಿಸುವಾಗ ಕಂಬಗಳು ಒಂದೊಂದು ಹೆಜ್ಜೆ ಮುಂದೆ ನಡೆದು, ಈಗ ನೀರಿನಲ್ಲಿ ಕಾಲಿಟ್ಟುಕೊಂಡು ನಿಂತಿದ್ದವು. ಅವನನ್ನು ನೋಡಿ ಮುಂದಿನ ಜಮೀನಿನವರೂ, ಅವರ ಮುಂದಿನವರೂ ಹಾಗೇ ಮಾಡಿದ್ದರು. ಮೂರು ದೇವರೂ ಬೇಲಿಗಳ ಆಚೆಗೆ ಉಳಿದಿದ್ದರು.

ಉದ್ಘಾಟನೆಗೆ ತಾಲ್ಲೂಕಿನ ದೊಡ್ಡ ಮುಖಂಡರೊಬ್ಬರು ಬಂದರು. ಟೇಪು ಕತ್ತರಿಸಿ, ನಾಲ್ಕು ಹೆಜ್ಜೆ ನಡೆದು, ಫೋಟೋ ತೆಗೆಸಿಕೊಂಡು, ಉಪ್ಪಿಟ್ಟು ಕೇಸರಿಬಾತಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಆದರೆ ಅವರಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯಲೇಬೇಕೆಂದು ಡಾಕ್ಟರು ಗದರಿಸಿದ್ದರು. ಹೆಜ್ಜೆ ಎಣಿಸುವ ಗಡಿಯಾರವನ್ನು ಸೊಸೆ ಕೈಗೆ ಕಟ್ಟಿದ್ದಳು. ಹೀಗಾಗಿ ಅವರು ಟೇಪು ಕತ್ತರಿಸಿದವರೇ ನಿಜವಾಗಿಯೂ ನಡೆಯತೊಡಗಿದರು. ಹಿಂದಿದ್ದವರು ಗಾಬರಿಯಿಂದ ಓಡಿದರು. ಮುಖಂಡರು ಬಂದು ಬೇಲಿಯ ಮುಂದೆ ನಿಂತರು.

“ಮುಂದಕ್ಕೆ?”

“ಮೊದಲ್ನೇ ಹಂತ ಇಲ್ಲಿಗೆ ಮುಗೀತು ಸಾರ್” ಎಂದ ಶಶಿಕುಮಾರ.

“ಗುಡಿಗಳೆಲ್ಲ ಆ ಕಡೆ ಅವೆಯಲ್ಲಯ್ಯ. ಯಾರ್ದಿದು ಬೇಲಿ?”

ಎಲ್ಲರೂ ಹೊಳೆಯಲ್ಲಿ ಏನೋ ಅಪರೂಪದ ಮೀನು ಕಂಡವರಂತೆ ಆ ಕಡೆ ನೋಡಿದರು. ಚಿಕ್ಕಬಸಪ್ಪ ಮೇಷ್ಟ್ರು, “ಲಕ್ಷ್ಮಣನು ಇದೇ ದಾರಿಯಲ್ಲಿ...” ಎಂದು ಶುರುಮಾಡಿದರು. ಹಾರದ ತಟ್ಟೆ ಹಿಡಿದುಕೊಂಡು ಹಿಂದೆ ನಿಂತಿದ್ದ ಸುನಂದಮ್ಮನಿಗೆ ಆ ಪ್ರಶ್ನೆಯಲ್ಲಿ ಕಷ್ಟದ್ದೇನೂ ಕಾಣಲಿಲ್ಲ.

“ನಮ್ದೇ ಸಾರ್” ಎಂದಳು.

ಮುಖಂಡರು ನಕ್ಕು, “ಅಧ್ಯಕ್ಷರೇ ಇಂಗ್ ಮಾಡುದ್ರೆ ಎಂಗಮ್ಮ” ಎಂದು, ಉಳಿದ ಹೆಜ್ಜೆಗಳನ್ನು ಕಮಾನಿನ ಸುತ್ತ ತಿರುಗಿ ಪೂರೈಸಿ, ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು ಹೋದರು.

ಮನೆಗೆ ಬಂದು ಶಶಿಕುಮಾರ ಅಂಗಿ ಬಿಚ್ಚುವಾಗಲೇ ಕೂಗಾಡಿದ. “ಅಷ್ಟು ಜನರ ಮುಂದೆ ನನ್ ಮಾನ ಕಳ್ದಲ್ಲೇ! ನಮ್ಮನೆಯವ್ರನ್ನ ಕೇಳಿ ಏಳ್ತೀನಿ ಅನ್ಬಾರ್ದಾ?”

“ನೀವು ಪಕ್ಕದಲ್ಲೇ ಇದ್ರಲ್ಲ. ನೀವ್ಯಾಕೆ ಏಳ್ಲಿಲ್ಲ?”

ಅವನು ಬಿಚ್ಚಿದ ಅಂಗಿಯನ್ನು ಗೂಟಕ್ಕೆ ಎಸೆದು, “ಬೇಲಿ ತಂಟೆಗೆ ಬರ್ಬ್ಯಾಡ. ಜಮೀನು ಗುತ್ತಿಗೆಗೆ ಕೊಟ್ಟೀನಿ. ಬೇಬಿ ಒಪ್ಪಕ್ಕಿಲ್ಲ” ಎಂದ.

ಬೇಬಿ ಎಂದರೆ ವಯನಾಡಿನಿಂದ ಬಂದು ಆ ಜಮೀನಿನಲ್ಲಿ ಶುಂಠಿ ಹಾಕಿದ್ದ ಆಜಾನುಬಾಹು. ಅಂಗೈ ಅಗಲದ ಮೀಸೆಯ ಆ ಮನುಷ್ಯನನ್ನು ಬೇಬಿ ಎಂದು ಕರೆಯಲು ಊರಿನವರಿಗೆ ಒಂದು ವರ್ಷ ಸಂಕೋಚವಾಗಿತ್ತು. ಮಾರನೇ ದಿನ ಸುನಂದಮ್ಮ ಮಂಕರಿ ಗಿಂಕರಿ ಏನೂ ಹಿಡಿಯದೆ ಹೊಲಕ್ಕೆ ಹೋಗಿ, ತನ್ನ ಬೇಗೂರಿನ ಮಲಯಾಳದಲ್ಲಿ ವಿಷಯ ಹೇಳಿದಳು. ಮರಳುಕೊಪ್ಪಲಿನ ಹೆಂಗಸೊಬ್ಬಳು ತನ್ನ ಭಾಷೆ ಆಡಿದ್ದು ಕೇಳಿ ಅವನು ಬಗ್ಗಿಕೊಂಡು ಕೆಲಸ ಮಾಡುತ್ತಿದ್ದ ಆಳುಗಳನ್ನೆಲ್ಲ ಕರೆದು ಆಕೆಯ ಮಾತನ್ನು ಇನ್ನೊಮ್ಮೆ ಹೇಳಿಸಿದ.

“ಬೇಲಿ ನಮ್ದು ಅಲ್ಲ ಚೇಚೀ. ನಮ್ದು ಇಂಜಿ, ಶುಂಠಿ ಮಾತ್ರ. ನೀರಲ್ಲಿ ಇಂಜಿ ಬೆಳೆಯೋದೂ ಇಲ್ಲ” ಎಂದ. “ಯಜಮಾನ್ರಿಗೆ ಕೇಳಿದ್ರಾ?”

“ನಾನೇ ಯಜಮಾನ್ತಿ ಅಂತ ಮೊನ್ನೆ ನೆಪ್ಪಾಯ್ತು” ಎಂದಳು ಸುನಂದಮ್ಮ.

ಅದೇ ತಿಂಗಳು ಗ್ರಾಮಸಭೆ ಇತ್ತು. ಅಧ್ಯಕ್ಷೆಯ ಕುರ್ಚಿಯಲ್ಲಿ ಸುನಂದಮ್ಮ, ಪಕ್ಕದಲ್ಲಿ ಇನ್ನೂ ಸ್ವಲ್ಪ ಎತ್ತರದ ಕುರ್ಚಿಯಲ್ಲಿ ಶಶಿಕುಮಾರ ಕೂರುವುದು ವಾಡಿಕೆ. ಚರಂಡಿ, ಬೀದಿದೀಪಗಳ ಮಾತು ಮುಗಿದ ಮೇಲೆ ಆಕೆ ಎದ್ದು ನಿಂತಳು.

“ಹೊಳೆ ಒತ್ತುವರಿ ಮಾಡಿರೋರಲ್ಲಿ ನಾನೇ ಮೊದಲ್ನೇವ್ಳು. ನಾಳಿಕ್ಕೆ ನನ್ ಬೇಲಿ ನಾನೇ ಕೀಳ್ತೀನಿ.”

ಹೊಳೆದಂಡೆಯ ಉಳಿದ ಬೇಲಿಗಳ ಒಡೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷೆಯೇ ಕಿತ್ತರೆ ನಾಳೆ ತಮ್ಮ ಪಂಪ್‌ಸೆಟ್ ಮನೆಗಳ ಗತಿ? ಅದುವರೆಗೆ ಶಶಿಕುಮಾರನನ್ನು ಬೆನ್ನ ಹಿಂದೆ ಬೈದುಕೊಂಡಿದ್ದವರೆಲ್ಲ ಒಮ್ಮೆಗೇ ಅವನ ಪಕ್ಷವಾದರು. “ಅಮ್ಮಾವ್ರು ತಮಾಸೆ ಮಾಡ್ತಾವ್ರೆ. ಜಮೀನು ಶಶಿಯಣ್ಣಂದು. ಅವ್ರು ಏಳ್ಲಿ” ಎಂದರು.

ಸುನಂದಮ್ಮ ಪಿಡಿಒ ಮೂರ್ತಿಯ ಕಡೆ ತಿರುಗಿದಳು. ಶಶಿಕುಮಾರ ಹೇಳಿದ್ದಕ್ಕೆಲ್ಲ ಹೌದು ಎಂದು ರೂಢಿಯಾಗಿದ್ದ ಮನುಷ್ಯ ಅವನು.

“ಮೂರ್ತಿಯವ್ರೇ, ಆ ಜಮೀನು ಯಾರೆಸ್ರಲ್ಲದೆ?”

ಮೂರ್ತಿ ಶಶಿಕುಮಾರನನ್ನು ನೋಡಿದ, ಫ್ಯಾನು ನೋಡಿದ. “ನಿಮ್ಮ ಹೆಸರಲ್ಲೇ ಮೇಡಂ.”

“ಅಧ್ಯಕ್ಷಗಿರಿ?”

“ಅದೂ... ನಿಮ್ಮ ಹೆಸರಲ್ಲೇ ಮೇಡಂ.”

“ಸರಿ ಅಂಗಾರೆ” ಎಂದು ಆಕೆ ಕೂತಳು. ಹಿಂದಿನ ಸಾಲಿನಿಂದ ಪುಟ್ಟಸಿದ್ದಮ್ಮ ಎಲೆ ಅಡಿಕೆ ಉಗಿದು ಬಂದು, “ನಾನೂ ಕುಡ್ಲು ತತ್ತೀನಿ ಕನವ್ವ” ಎಂದಳು.

ಬೇಲಿ ಕಿತ್ತ ದಿನ ಶಶಿಕುಮಾರ ಹುಣಸೂರಿನಲ್ಲಿ ಕೆಲಸವಿದೆ ಎಂದು ಬೆಳಗ್ಗೆಯೇ ಹೊರಟುಹೋದ. ಕಂಬಗಳನ್ನು ಅಲ್ಲಾಡಿಸಿ ಎತ್ತಿದ್ದು ಬೇಬಿಯ ಆಳುಗಳು. ಮುಳ್ಳುತಂತಿ ಸುತ್ತಿದ್ದು ಕೆಳಗಿನ ಬೀದಿಯ ಹೆಂಗಸರು. ಮುಂದಿನ ಬೇಲಿಗಳಲ್ಲಿ ಕೆಲವು ನಾಚಿಕೆಯಿಂದ ಹಿಂದೆ ಸರಿದವು. ಕೆಲವು ಸರಿಯಲಿಲ್ಲ. ಸಿದ್ದಯ್ಯನ ಪಂಪ್‌ಸೆಟ್ ಮನೆ ಇಂದಿಗೂ ಅಲ್ಲೇ ಇದೆ. ಅಲ್ಲಿ ಸೀರೆ ಮೊಣಕಾಲಿಗೆತ್ತಿ ನೀರಿಗಿಳಿದು ದಾಟಬೇಕು. ಮಾರಮ್ಮನ ಬಳಿ ಲಕ್ಷ್ಮಣನಿಗೆ ಊಟ ಹಾಕಿಸಿದ ವೀರ ಅವನೇ ಆದ್ದರಿಂದ ಯಾರೂ ಗಟ್ಟಿಯಾಗಿ ಏನೂ ಅನ್ನುವುದಿಲ್ಲ.

ದಾರಿಯಲ್ಲಿ ಮೊದಲ ಸಲ ಕೊನೆಯವರೆಗೆ ನಡೆದಾಗ ಸುನಂದಮ್ಮನಿಗೆ ಜಪಾನಿನ ಖುಷಿ ಆಗಲಿಲ್ಲ. ಶುಂಠಿ ತೊಳೆದ ಕೆಸರು, ಪೊದೆಗೆ ಸಿಕ್ಕಿದ ಪ್ಲಾಸ್ಟಿಕ್ಕು, ಎಲ್ಲೋ ಸತ್ತ ನಾಯಿಯ ವಾಸನೆ. ಬಿಲ್ಲಪ್ಪನ ಕಲ್ಲಿನ ಮೇಲೆ ಯಾರೋ ಲುಂಗಿ ಒಣಗಲು ಹಾಕಿದ್ದರು. ಆದರೂ ಆಕೆ ಕೈ ಬೀಸಿಕೊಂಡು ನಡೆದಳು. ಪಕ್ಕದಲ್ಲಿ ಬರುತ್ತಿದ್ದ ಪುಟ್ಟಸಿದ್ದಮ್ಮ ಸ್ವಲ್ಪ ದೂರ ನೋಡಿ, “ಯಾಕವ್ವ ಕೈನ ಅಂಗಾಡುಸ್ತಿದ್ದೀ? ನೊಣ ಮುತ್ಕಂಡವಾ?” ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಮುದುಕಿಯೂ ಬೀಸಿ ನೋಡಿದಳು. ಹೆಗಲು ಹಿಡಿದುಕೊಂಡಿತು, ಬಿಟ್ಟಳು.

ಆಮೇಲಾಮೇಲೆ ಬೆಳಗಿನ ಹೊತ್ತು ಹತ್ತಾರು ಹೆಂಗಸರು ಅಲ್ಲಿ ನಡೆಯತೊಡಗಿದರು. ಕಾಫಿ ತಡವಾಗುತ್ತಿದೆ ಎಂದು ಗಂಡಸರು ಗೊಣಗಿದರು. ಒಬ್ಬಿಬ್ಬರು ಪಂಚಾಯ್ತಿಗೇ ದೂರು ತಂದರು. ಅರ್ಜಿ ತೆಗೆದುಕೊಳ್ಳಲು ಅಂದು ಕುರ್ಚಿಯಲ್ಲಿ ಕೂತಿದ್ದವಳು ಅಧ್ಯಕ್ಷೆಯೇ ಆದ್ದರಿಂದ ಬಂದವರು ಬೀದಿದೀಪದ ಬಗ್ಗೆ ಮಾತಾಡಿ ಹೋದರು.

ಶಶಿಕುಮಾರ ಕೆಲವು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ಜಿಲ್ಲೆಯ ಪತ್ರಿಕೆಯೊಂದರಲ್ಲಿ ‘ಸ್ವಂತ ಬೇಲಿ ಕಿತ್ತ ಅಧ್ಯಕ್ಷೆ’ ಎಂದು ಸುದ್ದಿ ಬಂತು. ಅಂದಿನಿಂದ ಟೀ ಅಂಗಡಿಯಲ್ಲಿ ಅವನ ಕಥೆ ಬದಲಾಯಿತು. “ಬೇಲಿ ಕಿತ್ತಾಕು ಅಂತ ನಾನೇ ಏಳ್ದೆ ಕಣ್ಲಾ. ಹೆಣ್ಮಕ್ಳು ಮುಂದೆ ಬರ್ಬೇಕು ಅನ್ನೋದು ನಂದೇ ಪಾಲಿಸಿ.” ಸುನಂದಮ್ಮನ ಕಿವಿಗೂ ಇದು ಬಿತ್ತು. ಬೇಲಿ ಹೋಗಿದೆ, ಮಾತು ಇದ್ದರೆ ಇರಲಿ ಎಂದುಕೊಂಡಳು.

ಅವಧಿ ಮುಗಿಯಿತು. ಸುನಂದಮ್ಮ ಮಾಜಿಯಾದಳು, ಅದರ ಬಿಸಿ ತಟ್ಟಿದ್ದು ಶಶಿಕುಮಾರನಿಗೆ. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಲು ಜಾಗವೇ ಇರಲಿಲ್ಲ. ಆದರೆ ದಾರಿಯ ಹೆಸರು ಹರಡಿ ಬೇರೆ ಬೇರೆ ತಾಲ್ಲೂಕಿನಿಂದ ಅಧ್ಯಯನ ತಂಡಗಳು ಬರತೊಡಗಿದವು. ಅವನು ಕಮಾನಿನ ಕೆಳಗೆ ನಿಂತು ವಿವರಿಸುವ ಕೆಲಸ ಹಿಡಿದ.

ಮೊನ್ನೆ ಕೆ.ಆರ್. ನಗರದ ಕಡೆಯಿಂದ ಒಂದು ತಂಡ ಬಂದಿತ್ತು. ಹೊಸ ಅಗ್ರಹಾರ ಸುತ್ತಮುತ್ತಲಿನ ಪಂಚಾಯ್ತಿಗಳ ಸದಸ್ಯೆಯರಾದ ಹೆಂಗಸರು, ಜೊತೆಯಲ್ಲಿ ಅವರ ಗಂಡಂದಿರು. ಗಂಡಂದಿರು ಮುಂದೆ ಕುರ್ಚಿಗಳಲ್ಲಿ ಕೂತರು. ಶಶಿಕುಮಾರ ಕಮಾನಿನ ಕುರಿಗಳತ್ತ ಕೈ ತೋರಿಸಿ, “ಇವು ಜಪಾನಿನ ಪವಿತ್ರ ಜಿಂಕೆಗಳು” ಎಂದು ಶುರುಮಾಡಿದ. ಹಿಂದೆ ನಿಂತಿದ್ದ ಹೆಂಗಸರಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಅದೇ ವೇಳೆಗೆ ಡೈರಿಯಿಂದ ಬರುತ್ತಿದ್ದ ಸುನಂದಮ್ಮ ಅವರನ್ನು ನೋಡಿ, “ಬನ್ನಿ, ಆ ಕಡೆ ನೆರಳದೆ” ಎಂದು ಕರೆದುಕೊಂಡು ಹೊರಟಳು.

ಅವರು ಅರಳಿಮರ ದಾಟಿದರು, ಶುಂಠಿ ಹೊಲದ ಅಂಚು ದಾಟಿದರು. ಅನುಶ್ರೀ ಎಂಬ ಚಿಕ್ಕ ವಯಸ್ಸಿನ ಸದಸ್ಯೆಯ ಫೋನು ಬಡಿದುಕೊಂಡಿತು. ಅವಳ ಗಂಡ. ಹಿಂದೆಯೇ ಇನ್ನೊಬ್ಬಳ ಫೋನು, ಮತ್ತೊಬ್ಬಳದು. ಕಮಾನಿನ ಬಳಿ ಹಿಂದಿನ ಸಾಲು ಖಾಲಿಯಾದದ್ದು ಅಂತೂ ಗೊತ್ತಾಗಿತ್ತು. ಅನುಶ್ರೀ ಫೋನು ಹಿಡಿದು ನಿಂತು, “ಏನ್ಮಾಡಾಣಕ್ಕ?” ಎಂದು ಸುನಂದಮ್ಮನ ಮುಖ ನೋಡಿದಳು.

“ನಿಂತ್ಕಬ್ಯಾಡವ್ವ” ಎಂದಳು ಸುನಂದಮ್ಮ. “ಇನ್ನೊಂಚೂರು ಮುಂದಕ್ಕೋದ್ರೆ ಸಿಗ್ನಲ್ಲೇ ಬರಕ್ಕಿಲ್ಲ.”

ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಿರಬಿರನೆ ನಡೆದರು.